ಗಾದಿ ಓಣಿಯ ಒಂದೇ ಪ್ರತಿ

ಆ ಮಂಗಳವಾರದ ಮರುಬರಹದಲ್ಲಿ ಪುರಸಭೆಯವರು ಗಾದಿ ಓಣಿಯ ಮೂವತ್ತೆಂಟು ಮನೆಗಳನ್ನು ಬರೆಯದೆ ಬಿಟ್ಟರು. ಶುಕ್ರವಾರ ಬೆಳಿಗ್ಗೆ ಎರಡು ಯಂತ್ರಗಳು ಬಂದು ಮೂವತ್ತೆಂಟನ್ನೂ ಕೆಡವಿ ನೆಲ ಸಪಾಟು ಮಾಡಿದವು.

ನಮ್ಮ ಸೀಮೆಯಲ್ಲಿ ಕಾಗದದ ಮೇಲೆ ಬರೆದದ್ದು ಮೂರು ದಿನ ನಿಲ್ಲುತ್ತದೆ. ನಾಲ್ಕನೆಯ ದಿನ ಬೆಳಗಾಗುವಷ್ಟರಲ್ಲಿ ಹಾಳೆ ತೊಳೆದಿಟ್ಟ ತಾಟಿನ ಹಾಗೆ ಖಾಲಿ. ಮಸಿ, ಪೆನ್ಸಿಲ್ಲು, ಅಚ್ಚಿನ ಅಕ್ಷರ, ಫೋಟೋ, ಎಲ್ಲದಕ್ಕೂ ಮೂರೇ ದಿನ. ಇದಕ್ಕಾಗಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಶಾಲೆಯ ಮಕ್ಕಳು ಒಂದೇ ನೋಟ್‌ಬುಕ್ಕಿನಲ್ಲಿ ಏಳು ತರಗತಿ ದಾಟುತ್ತಾರೆ. ಲಗ್ನಪತ್ರಿಕೆಯನ್ನು ಲಗ್ನಕ್ಕೆ ಎರಡು ದಿನ ಇರುವಾಗ ಹಂಚುತ್ತಾರೆ. ಅವಸರ ಮಾಡಿ ವಾರ ಮೊದಲೇ ಹಂಚಿದವರ ಮನೆಯಲ್ಲಿ ಅಡುಗೆ ಮಿಕ್ಕುತ್ತದೆ. ಡಾಕ್ಟರು ಮೂರು ದಿನದ ಔಷಧವನ್ನಷ್ಟೇ ಬರೆಯುತ್ತಾರೆ. ಕಲ್ಲಿನಲ್ಲಿ ಕೆತ್ತಿದ್ದು ಉಳಿಯುತ್ತದೆ ನಿಜ, ಆದರೆ ಕಲ್ಲು ಕೆತ್ತಿಸುವ ತಾಕತ್ತು ಇದ್ದವರ ಹೆಸರುಗಳಷ್ಟೇ ನಮ್ಮೂರ ಕಲ್ಲುಗಳ ಮೇಲಿವೆ. ಉಳಿದವರದ್ದು ಉಳಿಯಬೇಕಾದರೆ ಮೂರು ದಿನಕ್ಕೊಮ್ಮೆ ಅದನ್ನು ಮತ್ತೆ ಬರೆಯಬೇಕು. ಅದಕ್ಕೆಂದೇ ಪ್ರತಿ ಕಚೇರಿಯಲ್ಲೂ, ಪ್ರತಿ ಓಣಿಯಲ್ಲೂ ಮರುಬರಹದವರು ಇರುತ್ತಾರೆ. ಅವರು ಹಳೆಯ ಹಾಳೆ ಮಾಸುವ ಮೊದಲು ಅದನ್ನು ನೋಡಿ ಹೊಸ ಹಾಳೆಗೆ ಇಳಿಸುತ್ತಾರೆ, ಇಳಿಸಿದ ಮೇಲೆ ಹಳೆಯದನ್ನು ಹರಿದುಹಾಕುತ್ತಾರೆ. ಒಂದಕ್ಕೆ ಒಂದೇ ಪ್ರತಿ. ಎರಡು ಪ್ರತಿ ಇಟ್ಟರೆ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ, ಆಮೇಲೆ ಯಾವುದು ನಿಜ ಎಂದು ಜನ ಹೊಡೆದಾಡುತ್ತಾರೆ ಎಂಬುದು ನಮ್ಮ ಹಿರಿಯರ ಅನುಭವ. ಹೀಗಾಗಿ ಪುರಸಭೆಯ ರಿಜಿಸ್ಟರು ಒಂದೇ. ಅದರಲ್ಲಿ ಬರೆದರೆ ಮನೆ ಇದೆ. ಬಿಟ್ಟರೆ ಇಲ್ಲ. ಬಿಟ್ಟದ್ದನ್ನು ತೋರಿಸಲು ಹಳೆಯ ಹಾಳೆಯೂ ಇಲ್ಲ.

ನಾನು ಸಾವಂತ್ರಿ. ಗಾದಿ ಓಣಿಯ ಹತ್ತೊಂಬತ್ತನೆಯ ಮನೆಯಲ್ಲಿ ಹುಟ್ಟಿ ಬೆಳೆದವಳು. ಬಸ್‌ಸ್ಟ್ಯಾಂಡಿನ ಮಗ್ಗಲಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ರೇಡಿಯೋ, ಮಿಕ್ಸರು, ಕಂಪ್ಯೂಟರು, ಯಾವುದನ್ನೂ ಒಲ್ಲೆ ಅನ್ನುವುದಿಲ್ಲ. ನಮ್ಮ ಓಣಿಯವರು ಹತ್ತಿ ಎಕ್ಕಿ ಗಾದಿ, ದಿಂಬು, ಕೌದಿ ಮಾಡುವ ಜನ. ಊರಿನವರೆಲ್ಲ ಮಲಗುವುದು ನಾವು ಮಾಡಿದ್ದರ ಮೇಲೆ. ಓಣಿಯಲ್ಲಿ ಭಾನುವಾರಕ್ಕೊಮ್ಮೆ ಓದು ಬಳಗ ಸೇರುತ್ತಿತ್ತು. ಹರಿದ ಪುಸ್ತಕವೊಂದು ಎಲ್ಲಿಂದಾದರೂ ಬಂದರೆ ಅದು ಮಾಸುವುದರೊಳಗೆ ಒಬ್ಬರು ಗಟ್ಟಿಯಾಗಿ ಓದಬೇಕು, ನಾಲ್ಕು ಜನ ಬರೆದುಕೊಳ್ಳಬೇಕು, ಉಳಿದವರು ವಾದ ಮಾಡಬೇಕು. ನಾನು ಓದು ಕಲಿತದ್ದು ಅಲ್ಲಿ. ಸಿಟ್ಟು ಮಾಡುವುದನ್ನು ಕಲಿತದ್ದೂ ಅಲ್ಲಿಯೇ.

ಒಂಬತ್ತು ವರ್ಷದ ಕೆಳಗೆ ಬಳಗಕ್ಕೆ ಒಂದು ಹಳೆಯ ಕಂಪ್ಯೂಟರು ಸಿಕ್ಕಿತು. ಅದರೊಳಗೆ ಇಟ್ಟದ್ದು ಮೂರು ದಿನಕ್ಕೆ ಮಾಸುವುದಿಲ್ಲ ಎಂದು ತಿಳಿದಾಗ ನಾವು ಮಾಡಿದ ಮೊದಲ ಕೆಲಸ, ಓಣಿಯ ಮೂವತ್ತೆಂಟೂ ಮನೆಗಳಿಗೆ ಹೋಗಿ ಬಾಗಿಲಲ್ಲಿ ಫೋಟೋ ತೆಗೆದು ಮನೆಯವರ ದನಿ ಹಿಡಿದದ್ದು. ನಾನು ಎಲ್ಲರಿಗೂ ಕೇಳಿದ್ದು ಮೂರೇ ಪ್ರಶ್ನೆ: ಈ ಮನಿ ಕಟ್ಟಿದವರು ಯಾರು, ಮಗ್ಗಲಿಗೆ ಯಾರದಾರ, ಎದುರಿಗೆ ಯಾರದಾರ. ಮನೆಗೊಂದು ಫೈಲು ಮಾಡಿ ಒಂದರಿಂದ ಮೂವತ್ತೆಂಟರವರೆಗೆ ನಂಬರು ಹಾಕಿ ಇಟ್ಟೆವು. ಅದನ್ನು ಕಾಯುವ ಕೆಲಸವನ್ನು ಓಣಿಯ ಮರುಬರಹದ ಫಕೀರವ್ವನಿಗೆ ಒಪ್ಪಿಸಿದೆವು.

ಯಂತ್ರಗಳು ಬಂದ ಬೆಳಿಗ್ಗೆ ಫಕೀರವ್ವ ತನ್ನ ಮನೆಯ ಪಾತ್ರೆಗಳಿಗೂ ಹೋಗಲಿಲ್ಲ, ಪೆಟ್ಟಿಗೆಗೂ ಹೋಗಲಿಲ್ಲ. ಓದು ಬಳಗದ ಕೋಣೆಗೆ ನುಗ್ಗಿ ಕಂಪ್ಯೂಟರಿನ ಡಬ್ಬಿಯನ್ನು ಹೊಸ ಕೌದಿಯಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು ಹೊರಗೆ ಬಂದಳು. ಓಣಿಯ ಜನವೆಲ್ಲ ಹತ್ತಿ ಗೋದಾಮಿನಲ್ಲಿ ಬಿಡಾರ ಹೂಡಿದರು. ನಮ್ಮ ಬಳಗದವರು ಪುರಸಭೆಗಿಂತ ಮೇಲಿನ ಕಚೇರಿಯ ಮೆಟ್ಟಿಲ ಮೇಲೆ ನಾಲ್ಕು ದಿನ ಕೂತರು. ಅವರನ್ನು ಎಬ್ಬಿಸಲಾಗದೆ ಆ ಕಚೇರಿಯವರು ಒಬ್ಬ ವಿಚಾರಣಾಧಿಕಾರಿಯನ್ನು ಕಳಿಸಲು ಒಪ್ಪಿದರು. ದಿನವೂ ಗೊತ್ತಾಯಿತು, ಇನ್ನು ಹದಿಮೂರು ದಿನ. ಶರತ್ತು ಒಂದೇ: ಬಾಯಿಮಾತು ನಡೆಯುವುದಿಲ್ಲ, ಮನೆಗಳು ಇದ್ದವು ಎಂಬುದಕ್ಕೆ ದಾಖಲೆ ಬೇಕು. ನಮ್ಮ ಜನರ ಫೋನುಗಳಲ್ಲಿ ಮಕ್ಕಳ ಮುಖಗಳಿದ್ದವು, ಹಿಂದೆ ಒಂದಷ್ಟು ಗೋಡೆ ಇತ್ತು. ಅದು ಯಾವ ಊರಿನ ಗೋಡೆಯೂ ಆಗಬಹುದು ಎಂದರು. ಅಲ್ಲಿಗೆ ಓಣಿ ಉಳಿದದ್ದು ಕೌದಿಯಲ್ಲಿ ಸುತ್ತಿದ ಆ ಡಬ್ಬಿಯೊಳಗೆ ಮಾತ್ರ.

ಮರುದಿನ ಬೆಳಿಗ್ಗೆ ಫಕೀರವ್ವ ಡಬ್ಬಿಯನ್ನು ನನ್ನ ಅಂಗಡಿಯ ಮೇಜಿನ ಮೇಲೆ ಇಟ್ಟಳು. "ನೋಡವ್ವಾ ಸಾವಂತ್ರಿ, ಇದು ನಿನ್ನಿಯಿಂದ ಒಂದ ಸಮನ ಹಲ್ಲು ಕಡೀಲಿಕ್ಕತ್ತೈತಿ. ಫೈಲು ತೆಗದ್ರ ತೆಗೀವಲ್ದು." ನಾನು ಕೇಸು ಬಿಚ್ಚಿ ಹಾರ್ಡ್ ಡಿಸ್ಕನ್ನು ಹೊರಗೆ ತೆಗೆದು ಕರೆಂಟು ಕೊಟ್ಟು ಕಿವಿ ಹಚ್ಚಿದೆ. ಗುಂಯ್ ಎಂದು ತಿರುಗಿತು. ಆಮೇಲೆ ಟಕ್, ಟಕ್, ಟಕ್. ಸ್ವಲ್ಪ ತಡೆದು ಮತ್ತೆ ಟಕ್. ಒಳಗೆ ಓದುವ ಮುಳ್ಳು ತನ್ನ ಜಾಗ ಹುಡುಕಿ ಸಿಗದೆ ಹಿಂದೆ ಸರಿದು ಮತ್ತೆ ಹುಡುಕುವ ಸದ್ದು ಅದು. ಕೂಡಲೇ ವೈರು ಕಿತ್ತೆ.

"ಯಾಕ ಕಿತ್ತಿ? ತಿರಗ್ತಿತ್ತಲ್ಲ ಇನ್ನೂ," ಅಂದಳು ಫಕೀರವ್ವ.

"ತಿರಗೂದ ಇದಕ್ಕ ಬ್ಯಾನಿ, ಚಿಗವ್ವ. ತಿರಗಿದಷ್ಟೂ ಸಾಯತೈತಿ. ಹೌದೂ, ನೀ ಇದನ್ನ ಹೆಂಗ ಕಾದಿ? ದಿನಾ ಏನ ಮಾಡ್ತಿದ್ದಿ?"

ಅವಳ ಮುಖ ಅರಳಿತು. ಮೂರು ದಿನಕ್ಕೊಮ್ಮೆ, ಒಂಬತ್ತು ವರ್ಷ, ಒಂದು ಸರತಿಯೂ ತಪ್ಪಿಸಿಲ್ಲವಂತೆ. ಒಂದನೆಯ ಮನೆಯಿಂದ ಹಿಡಿದು ಪ್ರತಿ ಫೈಲನ್ನೂ ತೆಗೆದು, ಹೊಸದಾಗಿ ಉಳಿಸಿ, ಹಳೆಯದನ್ನು ಅಳಿಸುತ್ತಿದ್ದಳಂತೆ. ನಡುವೆ ಕರೆಂಟು ಹೋದರೆ? "ಮತ್ತ ಮೊದಲಿನಿಂದ. ಅರ್ಧಕ್ಕ ನಿಂತ ಮರುಬರಹ ಬರಹ ಅಲ್ಲ. ನಿನಗ ಗೊತ್ತಿಲ್ಲೇನು? ಜ್ವರ ಬಂದು ಬಿದ್ದಾಗೂ ಗ್ವಾಡಿ ಹಿಡಕೊಂಡು ಹೋಗಿ ಮಾಡೀನಿ."

ನಾನು ಸ್ಟೂಲಿನ ಮೇಲೆ ಕೂತೆ. ಆ ಕಂಪ್ಯೂಟರನ್ನು ಅವಳಿಗೆ ಒಪ್ಪಿಸಿದವಳು ನಾನು. ಇದರೊಳಗಿನದು ಮಾಸುವುದಿಲ್ಲ ಎಂದು ಹೇಳಿದ್ದೆ, ಮುಟ್ಟಬೇಡ ಎಂದು ಹೇಳಿರಲಿಲ್ಲ. ಇನ್ನೊಂದು ಪ್ರತಿ ತೆಗೆದಿಡಬೇಕು ಎಂದು ನನಗೂ ಹೊಳೆದಿರಲಿಲ್ಲ. ಒಂದಕ್ಕೆ ಒಂದೇ ಪ್ರತಿ ಎಂಬುದು ನನ್ನ ರಕ್ತದಲ್ಲೂ ಇತ್ತು. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಚಿಗವ್ವ, ಬರದು ಅಳಿಸಿ, ಬರದು ಅಳಿಸಿ ಇದರೊಳಗ ತಿರಗೂ ತಟ್ಟಿ ಸವದಾವು. ಸುಮ್ನ ಬಿಟ್ಟಿದ್ರ ಇನ್ನೂ ಹತ್ತು ವರ್ಸ ಬಾಳ್ತಿತ್ತು," ಎಂದೆ.

ಅವಳು ಡಿಸ್ಕಿನ ಮೇಲೆ ಕೈಯಿಟ್ಟಳು. "ಹಂಗಾರ ಓಣಿ ಕಳದಾಕಿ ನಾನ."

"ಓಣಿ ಕಳದವರು ಮಂಗಳವಾರ ಬರೀದ ಬಿಟ್ಟವರು. ನೀ ಒಂಬತ್ತು ವರ್ಸ ಬರದಾಕಿ. ಅವರನ್ನ ನಿನ್ನನ್ನ ಒಂದ ತಕ್ಕಡ್ಯಾಗ ಇಡಬ್ಯಾಡ. ಏಳು, ಆ ಕಡಪಾ ಕಲ್ಲು ಈ ಕಡೆ ಸರಸೂಣು."

ಕಡಪಾ ಕಲ್ಲಿನ ತುಂಡೊಂದು ಅಂಗಡಿಯಲ್ಲಿತ್ತು. ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಅದರ ಮೇಲೆ ಡಿಸ್ಕನ್ನು ಮಲಗಿಸಿ, ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ, ಮಗ್ಗಲಿಗೆ ಹೊಸ ಡಿಸ್ಕೊಂದನ್ನು ಜೋಡಿಸಿದೆ. ಕೆಟ್ಟ ಡಿಸ್ಕಿನಿಂದ ಫೈಲುಗಳನ್ನು ಒಂದೊಂದಾಗಿ ತೆಗೆಯಲು ಹೋದರೆ ಅದು ಅರ್ಧದಲ್ಲೇ ಪ್ರಾಣ ಬಿಡುತ್ತದೆ. ಫೈಲು ಯಾವುದು, ಯಾರ ಮನೆ ಎಂದು ನೋಡದೆ, ತಟ್ಟೆಯ ಮೇಲಿರುವುದನ್ನೆಲ್ಲ ತುಣುಕು ತುಣುಕಾಗಿ ಹೊಸದಕ್ಕೆ ಸುರಿಯಬೇಕು. ಸಲೀಸಾಗಿ ಬರುವ ತುಣುಕುಗಳನ್ನು ಮೊದಲು ಎಳೆದುಕೊಳ್ಳಬೇಕು. ಹಟ ಮಾಡುವ ತುಣುಕು ಸಿಕ್ಕರೆ ಅದರ ಜೊತೆ ಗುದ್ದಾಡದೆ ಬಿಟ್ಟು ಮುಂದೆ ಹೋಗಬೇಕು. ಕೊನೆ ಮುಟ್ಟಿದ ಮೇಲೆ ಹಿಂದಿನಿಂದ ಬಂದು ಬಿಟ್ಟದ್ದನ್ನು ಮತ್ತೆ ಕೇಳಬೇಕು. ಇದನ್ನು ಮಾಡುವ ಪ್ರೋಗ್ರಾಮು ನನ್ನ ಹತ್ತಿರ ಇತ್ತು. ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳು. ಬಂದದ್ದು ಹಸಿರು, ಬಿಟ್ಟದ್ದು ಬೂದು.

ಮೊದಲ ಬೂದು ಚೌಕ ಕಂಡ ಕೂಡಲೇ ಫಕೀರವ್ವ ನನ್ನ ಕೈ ಹಿಡಿದಳು. "ಬಿಟ್ಟು ಹೊಂಟಿ ನೀ."

"ಹೌದು."

"ಬಿಟ್ಟದ್ದಕ್ಕ ಅಲ್ಲೇನ ಓಣಿ ಹೋದದ್ದು? ಮರುಬರಹದಾಗ ಒಂದು ಅಕ್ಷರ ಬಿಟ್ರ ಅನ್ನ ಇಳೀತಿರಲಿಲ್ಲ ನನಗ."

"ನಾ ಎಲ್ಲಿ ಬಿಟ್ಟೀನಿ ಅಂತ ಗುರ್ತು ಇಟ್ಟು ಬಿಡ್ತೀನಿ ಚಿಗವ್ವ, ತಿರುಗಿ ಬರ್ತೀನಿ. ಅವರು ಗುರ್ತು ಇಡದ ಬಿಟ್ರು. ಫರಕು ಅಷ್ಟ."

ಅವಳು ಕೈ ಬಿಟ್ಟಳು. ಆದರೆ ಅಂದಿನಿಂದ ದಿನವೂ ಬಂದು ಬೂದು ಚೌಕಗಳನ್ನು ಬೆರಳಿನಿಂದ ಎಣಿಸುತ್ತ ಕೂತಳು. ನಾನು ಚಹಾ ತರಲು ಹೋದಾಗ ಒಮ್ಮೆ ಮೌಸನ್ನು ಹಿಡಿದು ಫೈಲು ತೆಗೆಯಲು ನೋಡಿದಳು. ಮೂರನೆಯ ದಿನ ಬಂದಿತ್ತು, ಅವಳ ಕೈ ತಡೆಯಲಿಲ್ಲ. ಅಂದಿನಿಂದ ಮೌಸನ್ನು ಸೆರಗಿಗೆ ಕಟ್ಟಿಕೊಂಡೇ ಹೊರಗೆ ಹೋಗತೊಡಗಿದೆ.

ಇನ್ನೊಬ್ಬ ದಿನವೂ ಬರುತ್ತಿದ್ದವನು ದಾವಲಸಾಬ. ಎಂಟನೆಯ ಮನೆಯವನು, ಫಕೀರವ್ವನದು ಏಳನೆಯದು. ಹತ್ತಿ ಎಕ್ಕುವುದರಲ್ಲಿ ಅವನಷ್ಟು ಹದ ಗೊತ್ತಿದ್ದವರು ಓಣಿಯಲ್ಲಿರಲಿಲ್ಲ. ಬಾಯಿಯ ಹದ ಮಾತ್ರ ಅವನಿಗೆ ಗೊತ್ತಿರಲಿಲ್ಲ. ಮೊದಲ ದಿನವೇ ಅಂಗೈಯಗಲದ ಪುಟ್ಟ ಗಾದಿಯೊಂದನ್ನು ಹೊಲಿದು ತಂದ. "ತಗೋ ಸಾವಂತ್ರಿ, ಬರೇ ಕಲ್ಲಿನ ಮ್ಯಾಲ ಮಲಗಿಸಿಯಲ್ಲ ಅದನ್ನ. ಬ್ಯಾನಿ ಇದ್ದದ್ದಕ್ಕ ಮೆತ್ತಗ ಹಾಸಬೇಕು."

"ಕಾಕಾ, ಅದಕ್ಕ ತಣ್ಣಗ ಬೇಕು. ಹತ್ತಿ ಹಾಕಿದ್ರ ಕಾದು ಸಾಯತೈತಿ."

"ಐವತ್ತು ವರ್ಸದಾಗ ನನ್ನ ಗಾದಿ ಒಲ್ಲೆ ಅಂದದ್ದು ಇದೊಂದ," ಎಂದು ಗೊಣಗಿ ಆ ಗಾದಿಯನ್ನು ತನ್ನ ಮೊಣಕೈಗೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತ. ಫಕೀರವ್ವನ ಕಡೆ ನೋಡದೆಯೇ ಅವಳ ಜೊತೆ ಮಾತಾಡುವುದು ಅವನ ರೂಢಿ. "ಏ ಬರಿಯಾಕಿ, ಅಷ್ಟು ಉಜ್ಜಿದ್ರ ತಟ್ಟಿ ಅಲ್ಲ, ತಾಮ್ರದ ಹಂಡೇನೂ ತೂತು ಬೀಳ್ತಿತ್ತು." ಅವಳೂ ಅವನ ಕಡೆ ನೋಡದೆ, "ಸಾವಂತ್ರಿ, ಹೊರಗ ಯಾವುದೋ ಕತ್ತಿ ಒದರತೈತಿ ನೋಡು," ಅನ್ನುತ್ತಿದ್ದಳು.

ಐದನೆಯ ದಿನ ಪುರಸಭೆಯ ಹೆಡ್ ಕ್ಲಾರ್ಕ್ ಗುರುಪಾದಪ್ಪ ಬಂದರು. ಮಂಗಳವಾರದ ಮರುಬರಹಕ್ಕೆ ಅವರ ಸಹಿಯೇ ಇದ್ದದ್ದು. ಕಲ್ಲಿನ ಮೇಲೆ ಟಕ್ಕೆನ್ನುತ್ತಿದ್ದ ಡಿಸ್ಕನ್ನು ನೋಡಿ ಅಯ್ಯೋ ಪಾಪ ಎಂಬಂತೆ ಲೊಚಗುಟ್ಟಿದರು. "ಯಾಕ ಇಷ್ಟು ತ್ರಾಸ ತಗೋತಿ ತಂಗಿ. ಇದರಾಗಿಂದ ಏನೂ ಬರೂದಿಲ್ಲ ಅಂತ ಒಂದು ಚೀಟಿ ಬರದು ಕೊಟ್ಬಿಡು. ಹೆಂಗೂ ಮೂರು ದಿನಕ್ಕ ಅಳಿಸಿ ಹೋಗತೈತಿ, ನಿನ್ನ ಹೆಸರಿಗೇನೂ ಕೆಟ್ಟದ್ದು ಉಳಿಯೂದಿಲ್ಲ."

"ನಿಮ್ಮ ಬರಹಾನೂ ಅಳಿಸಿ ಹೋತಲ್ರಿ, ಮನಿ ತಿರುಗಿ ಬಂದ್ವೇನ್ರಿ?" ಎಂದೆ.

"ಮ್ಯಾಲಿನವರು ಹೇಳಿದಂಗ ಬರಿಯಾವ ನಾ. ಅವರು ಹೇಳಿದ್ರ ನಿಮ್ಮ ಓಣಿನ ಎರಡು ಸಲ ಬೇಕಾದ್ರೂ ಬರೀತೀನಿ."

ಕಟ್ಟೆಯ ಮೇಲಿನಿಂದ ದಾವಲಸಾಬ ಕೇಳಿದ: "ಸಾಹೇಬ್ರ, ಹೋದ ವರ್ಸ ನಿಮ್ಮ ಮಗಳ ಲಗ್ನಕ್ಕ ಗಾದಿ ಒಯ್ದ್ರಲ್ಲ, ಎಲ್ಲಿಂದ ಒಯ್ದ್ರಿ?"

ಗುರುಪಾದಪ್ಪ ಚಪ್ಪಲಿ ಮೆಟ್ಟಿಕೊಂಡರು.

ಎಂಟನೆಯ ದಿನಕ್ಕೆ ಹಿಂದಿನಿಂದ ಬರುವ ಸುತ್ತು ಮುಗಿಯಿತು. ಡಿಸ್ಕು ಮಲಗಿಸಿದರೆ ಕೊಡದಿದ್ದದ್ದನ್ನು ನಿಲ್ಲಿಸಿದರೆ ಕೊಟ್ಟಿತು, ನಿಲ್ಲಿಸಿದಾಗ ಕೊಡದ್ದನ್ನು ಮಗುಚಿ ಹಾಕಿದರೆ ಕೊಟ್ಟಿತು. ತಾಸಿಗೊಮ್ಮೆ ಬಿಡುವು ಕೊಟ್ಟು ತಣಿಸುತ್ತಿದ್ದೆ. ಪರದೆ ಹಸಿರಾಗುತ್ತ ಬಂತು. ಒಂದು ಮೂಲೆ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. ಹತ್ತನೆಯ ದಿನ ಆ ಮೂಲೆಗೆ ಮೂವತ್ತು ಸಲ ಕೇಳಿದೆ. ಹನ್ನೊಂದನೆಯ ದಿನ ಮಧ್ಯಾಹ್ನ ಒಮ್ಮೆ ಗರ್ ಎಂದು, ಒಂದೇ ಒಂದು ಹಸಿರು ಚೌಕ ಕೊಟ್ಟು, ಡಿಸ್ಕು ತಿರುಗುವುದನ್ನೇ ನಿಲ್ಲಿಸಿತು. ಆಮೇಲೆ ನಾನು ಮಾಡಿದ ಯಾವುದಕ್ಕೂ ಅದು ಉಸಿರು ಬಿಡಲಿಲ್ಲ.

ಹೊಸ ಡಿಸ್ಕನ್ನು ತೆರೆದು ಎಣಿಸಿದೆವು. ಎಂಟರಿಂದ ಮೂವತ್ತೆಂಟರವರೆಗೆ ಮೂವತ್ತೊಂದು ಮನೆಗಳು ಇಡಿಯಾಗಿ ಬಂದಿದ್ದವು, ಫೋಟೋ ಸಹಿತ, ದನಿ ಸಹಿತ. ಒಂದರಿಂದ ಏಳು ಇರಲಿಲ್ಲ. ಕಾರಣವನ್ನು ಫಕೀರವ್ವನೇ ಹೇಳಿದಳು. ಕರೆಂಟು ಹೋದಾಗೆಲ್ಲ ಅವಳು ಮತ್ತೆ ಒಂದನೆಯ ಮನೆಯಿಂದ ಶುರು ಮಾಡುತ್ತಿದ್ದಳು. ನಮ್ಮೂರ ಕರೆಂಟಿನ ಗುಣ ಎಲ್ಲರಿಗೂ ಗೊತ್ತಿದ್ದದ್ದೇ. ಎಲ್ಲಕ್ಕಿಂತ ಹೆಚ್ಚು ಸಲ ಬರೆದದ್ದು ಆ ಏಳು ಮನೆಗಳನ್ನು. ಏಳನೆಯದು ಅವಳದೇ. ಕೊನೆಯ ಆ ಒಂದು ಚೌಕದಲ್ಲಿ ಸಿಕ್ಕದ್ದು ಅವಳ ಫೈಲಿನ ತುದಿ: ಕೋಳಿ ಕೂಗುವ ಸದ್ದು, ಒಂದು ಕೆಮ್ಮು, ಆಮೇಲೆ ಅವಳ ದನಿ, "ಇದು ನಮ್ಮ". ಅಷ್ಟೇ.

ನಾವು ಮೂವರೂ ಅದನ್ನು ಒಂದು ಸಲ ಕೇಳಿದೆವು. ಎರಡನೆಯ ಸಲ ಕೇಳುವುದನ್ನು ತಪ್ಪಿಸಲೆಂದೇ ನಾನು ಎಂಟನೆಯದನ್ನು ಹಾಕಿದೆ. ಪರದೆಯ ಮೇಲೆ ಒಂಬತ್ತು ವರ್ಷ ಚಿಕ್ಕವನಾದ ದಾವಲಸಾಬ, ಬಾಗಿಲಿಗೆ ಒರಗಿ, ಗಡ್ಡದ ತುಂಬ ಹತ್ತಿಯ ಎಳೆ. ಮಗ್ಗಲಿಗೆ ಯಾರದಾರ ಕಾಕಾ ಎಂದು ನನ್ನ ದನಿ. ಅವನ ಉತ್ತರ ಇಡೀ ಅಂಗಡಿ ತುಂಬಿತು: "ಯಾರದಾರ ಅಂದ್ರ? ಆ ಫಕೀರವ್ವ ಅದಾಳ. ನನ್ನ ಮನಿಗೆ ಮೂರು ಗ್ವಾಡಿ ನನ್ನವು, ನಾಕನೇದು ಆಕೀದೂ ನಂದೂ ಕೂಡಿ. ಆಕಿ ಬಚ್ಚಲ ಆ ಗ್ವಾಡಿಗೇ ಐತಿ. ಜಳಕ ಮಾಡಿದ್ರ ನನ್ನ ಹತ್ತಿ ತೋಯ್ತೈತಿ. ಬರಕೋ ಇದನ್ನ, ನ್ಯಾಯ ಆಗಬೇಕು."

ಫಕೀರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಹನ್ನೊಂದು ದಿನದಲ್ಲಿ ಮೊದಲ ಸಲ. ದಾವಲಸಾಬ ಮಾತ್ರ, "ನಗೂದೇನೈತಿ, ಖರೇನ ತೋಯ್ತಿತ್ತು," ಅಂದ.

ನಾನು ನಗಲಿಲ್ಲ. ಎದುರು ಸಾಲಿನ ಫೈಲುಗಳನ್ನು ಒಂದೊಂದಾಗಿ ಹಾಕತೊಡಗಿದೆ. ಎದುರಿಗೆ ಯಾರದಾರ ಎಂಬ ಪ್ರಶ್ನೆಗೆ ಮೂವತ್ತೆಂಟನೆಯ ಮನೆಯ ಮುದುಕಿ ಒಂದನೆಯ ಮನೆಯ ಹೆಸರು ಹೇಳಿದಳು, ಆ ಮನೆಯ ಎಮ್ಮೆಯ ಹೆಸರನ್ನೂ ಹೇಳಿದಳು. ಮೂವತ್ತೇಳು ಎರಡನ್ನು ಹೇಳಿತು. ಮೂವತ್ತಾರು ಮೂರನ್ನು ಹೇಳಿತು, ಅದರ ಹಸಿರು ಬಾಗಿಲನ್ನು ಹೊಗಳಿತು. ಹೀಗೆ ಏಳೂ ಮನೆಗಳು ಬೇರೆಯವರ ಬಾಯಲ್ಲಿ ಕ್ಷೇಮವಾಗಿದ್ದವು. ಯಾವ ಮರುಬರಹವೂ ಅವನ್ನು ಸವೆಸಿರಲಿಲ್ಲ. "ಚಿಗವ್ವ, ಓಣಿ ಪೂರಾ ಐತಿ," ಎಂದೆ. ನನಗೆ ಆಗ ಎಳ್ಳಷ್ಟೂ ಅನುಮಾನ ಇರಲಿಲ್ಲ. ಈಗಲೂ ಇಲ್ಲ.

ಹದಿಮೂರನೆಯ ದಿನ ಹನ್ನೊಂದು ಗಂಟೆಗೆ ಪುರಸಭೆಯ ಸಭಾಭವನದಲ್ಲಿ ವಿಚಾರಣೆ. ಓಣಿಯವರೆಲ್ಲ ಬಂದು ನೆಲದ ಮೇಲೆ ಕೂತರು. ಕುರ್ಚಿಗಳಿದ್ದವು, ನಮಗೆ ಎಂದು ಯಾರೂ ಹೇಳಲಿಲ್ಲ. ವಿಚಾರಣಾಧಿಕಾರಿ ಸಣ್ಣ ದನಿಯ, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ನಾನು ಪರದೆ ಜೋಡಿಸುತ್ತಿದ್ದಂತೆ ಗುರುಪಾದಪ್ಪ ಎದ್ದು ನಿಂತರು. "ಇದು ಎರಡನೇ ಪ್ರತಿ ಸರ್. ನಮ್ಮ ಸೀಮೆಯಲ್ಲಿ ಎರಡನೇ ಪ್ರತಿಗೆ ಕಿಮ್ಮತ್ತಿಲ್ಲ."

ನಾನು ಸತ್ತ ಡಿಸ್ಕನ್ನು ವಿಚಾರಣೆಯ ಸಾಹೇಬರ ಮೇಜಿನ ಮೇಲೆ ಇಟ್ಟೆ. "ಮೊದಲಿಂದು ಇದರಿ. ಇದು ತೀರಿಕೊಂಡೈತಿ. ಈಗ ಇರೂದು ಒಂದ ಪ್ರತಿ."

ಸಾಹೇಬರು ಡಿಸ್ಕನ್ನು ಬೆರಳಿನಿಂದ ಒಮ್ಮೆ ತಟ್ಟಿ, "ತೋರಿಸಿ," ಎಂದರು.

ಎರಡು ತಾಸು ತೋರಿಸಿದೆ. ಮೂವತ್ತೊಂದು ಬಾಗಿಲುಗಳು, ಮೂವತ್ತೊಂದು ದನಿಗಳು. ಈಚೆಗೆ ತೀರಿಹೋದವರ ದನಿ ಬಂದಾಗ ಹೆಂಗಸರು ಬಿಕ್ಕಿದರು. ಮಕ್ಕಳು ತಮ್ಮ ಮನೆ ಕಂಡಾಗ ಬೆರಳು ತೋರಿಸಿದರು. ಸಾಹೇಬರು ಪ್ರತಿಯೊಂದಕ್ಕೂ ಟಿಕ್ಕು ಹಾಕಿಕೊಂಡರು. ಆಮೇಲೆ ನಾನು ಏಳು ಮನೆಗಳ ಸಂಗತಿ ಹೇಳಿ, ಎದುರು ಮನೆಗಳವರು ಅವುಗಳ ಹೆಸರು ಹೇಳುವ ಜಾಗಗಳನ್ನು ಮತ್ತೆ ಕೇಳಿಸಿದೆ. ಸಾಹೇಬರು ಕೈ ಎತ್ತಿ ನಿಲ್ಲಿಸಿದರು.

"ನೋಡಮ್ಮ, ನೀನು ದೊಡ್ಡ ಕೆಲಸ ಮಾಡಿದ್ದೀಯ. ಮೂವತ್ತೊಂದು ಮನೆಗಳು ಇದ್ದವು ಎಂದು ನಾನು ಒಪ್ಪುತ್ತೇನೆ. ಅವರಿಗೆ ಅದೇ ಜಾಗದಲ್ಲಿ ಮನೆ ಕಟ್ಟಿಕೊಡಲು ಆದೇಶ ಬರೆಯುತ್ತೇನೆ. ಆದರೆ ಒಬ್ಬರ ಮನೆಯ ಬಗ್ಗೆ ಇನ್ನೊಬ್ಬರು ಆಡಿದ್ದು ದಾಖಲೆಯಲ್ಲ, ಬಾಯಿಮಾತು. ತಾನೇ ಕಾಣಿಸಿಕೊಂಡ ಮನೆಯನ್ನಷ್ಟೇ ನಾನು ಬರೆಯಬಲ್ಲೆ."

"ಆ ಏಳು ಮನೀನೂ ಅದರಾಗ ಇದ್ದವ್ರಿ. ಸವದು ಹೋದ್ವು."

"ಇರಬಹುದು. ಕಾಣಲಿಲ್ಲ." ಅವರು ಒಂದು ಹಾಳೆ ತೆಗೆದು ಓದಿದರು: "ಗಾದಿ ಓಣಿಯಲ್ಲಿ ಎಂಟರಿಂದ ಮೂವತ್ತೆಂಟರವರೆಗಿನ ಮೂವತ್ತೊಂದು ಮನೆಗಳಿದ್ದವು, ಅವುಗಳ ಹೊರತು ಬೇರೆ ಮನೆಗಳು ಇರಲಿಲ್ಲ ಎಂದು ನಾವು ಒಪ್ಪಿರುತ್ತೇವೆ." ಇದಕ್ಕೆ ಮೂವತ್ತೊಂದು ಮನೆಯವರೂ ಹೆಬ್ಬೆಟ್ಟು ಒತ್ತಬೇಕು, ಇವತ್ತು ಐದು ಗಂಟೆಯೊಳಗೆ. ಇದೇ ಮಾತು ರಿಜಿಸ್ಟರಿಗೆ ಹೋಗುತ್ತದೆ, ಮೂರು ದಿನಕ್ಕೊಮ್ಮೆ ಮರುಬರಹವಾಗುತ್ತಿರುತ್ತದೆ. ಒಬ್ಬರು ಒತ್ತದಿದ್ದರೂ ವಿಚಾರಣೆ ಮುಚ್ಚಿಹೋಗುತ್ತದೆ. "ಕಾಣಿಸಿಕೊಂಡ ಮನೆಯವರು ಎದ್ದು ಈ ಬಲಗಡೆ ಬನ್ನಿ. ಉಳಿದವರು ಅಲ್ಲೇ ಇರಿ," ಎಂದರು.

ನನ್ನ ಅವ್ವ ಹತ್ತೊಂಬತ್ತನೆಯ ಮನೆಯವಳು. ನನ್ನ ಮುಖ ನೋಡಿದಳು. ಗುರುಪಾದಪ್ಪ ಮಸಿಯ ಪ್ಯಾಡು ಬಿಚ್ಚಿಟ್ಟು ಮೊದಲ ಹೆಸರು ಕರೆದರು: "ಎಂಟನೇ ನಂಬರು, ದಾವಲಸಾಬ."

ದಾವಲಸಾಬ ಎದ್ದ. ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಮೇಜಿನವರೆಗೆ ಬಂದ. ಬಲಗಡೆಗೆ ಹೋಗಲಿಲ್ಲ. "ಇನ್ನೊಮ್ಮೆ ಓದ್ರಿ ಸಾಹೇಬ್ರ. ನನಗ ಕಿವಿ ಮಂದ."

ಸಾಹೇಬರು ಮತ್ತೆ ಓದಿದರು.

"ಅಂದ್ರ ಏಳನೇ ಮನಿ ಇರಲೇ ಇಲ್ಲ ಅಂತ ನಾ ಹೇಳಬೇಕು."

"ಹಾಗೆ ದಾಖಲಾಗುತ್ತದೆ."

"ಮತ್ತ ಇಪ್ಪತ್ತು ವರ್ಸ ನಾ ಜಗಳಾಡಿದ್ದು ಯಾರ ಜೊತೀರಿ?"

ಹಿಂದಿನಿಂದ ಒಂದಿಬ್ಬರು ನಕ್ಕರು. ಸಾಹೇಬರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಅವರು ಸಿಟ್ಟಾಗದೆ ಕೆಲಸ ಮುಗಿಸಲು ಕಲಿತವರು. "ಹಿರಿಯರೇ, ನಿಮಗೆ ನಿಮ್ಮ ಮನೆ ಸಿಗುತ್ತದೆ. ನಿಮ್ಮಂಥ ಮೂವತ್ತು ಜನರಿಗೆ ಸಿಗುತ್ತದೆ. ಒಂದು ಹೆಬ್ಬೆಟ್ಟಿಗೆ ಅದನ್ನೆಲ್ಲ ಕಳೆದುಕೊಳ್ಳುತ್ತೀರಾ?"

ಆಗ ಫಕೀರವ್ವ ಎದ್ದು ನಿಂತಳು. ಆ ಹದಿಮೂರು ದಿನಗಳಲ್ಲಿ ಅವಳು ಅವನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. "ಒತ್ತಿಬಿಡೋ ದಾವಲ್ಯಾ. ಹುಡುಗ್ರು ಹತ್ತಿ ಧೂಳಿನ್ಯಾಗ ಮಲಗಿ ಕೆಮ್ಮಾಕತ್ತಾವು. ನಾವು ಏಳು ಮನಿಯವರು ಈಗ ಇಲ್ಲೇ ಮಾತಾಡಿಕೊಂಡೀವಿ. ನಮ್ಮ ಸಲುವಾಗಿ ಮೂವತ್ತೊಂದು ಮನಿ ಹಾಳಾಗೂದು ಬ್ಯಾಡ. ತಪ್ಪು ನನ್ನ ಕೈಯಿಂದ ಆಗೇತಿ, ನಾ ಹೊರತೀನಿ."

"ನೀ ಯಾವತ್ತು ನನ್ನ ಮಾತು ಕೇಳಿ, ನಾ ನಿನ್ನ ಮಾತು ಕೇಳೂದಕ್ಕ?" ದಾವಲಸಾಬನೂ ಅವಳ ಮುಖವನ್ನೇ ನೋಡಿ ಅಂದ. "ಕುಂದರು. ಹೊತ್ತಿದ್ದು ಸಾಕು."

ಅವಳು ಕೂರಲಿಲ್ಲ. ಗುರುಪಾದಪ್ಪ ಪ್ಯಾಡನ್ನು ಅವನ ಕೈ ಹತ್ತಿರ ಸರಿಸಿದರು. ಸಾಹೇಬರು ಗೋಡೆಯ ಗಡಿಯಾರ ನೋಡಿ ಹಾಳೆಯ ಕೆಳಗಿನ ಖಾಲಿ ಜಾಗವನ್ನು ಬೆರಳಿನಿಂದ ತೋರಿಸಿದರು. "ಇಲ್ಲಿ ಒತ್ತಿ. ಒತ್ತಿ ಬಲಗಡೆ ನಿಲ್ಲಿ."

ದಾವ​ಲಸಾಬ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಒತ್ತೂದಿಲ್ರಿ," ಅಂದ. "ಮುಂದಿನ ಹೆಸರು ಕರೀರಿ. ಅವರೂ ಒತ್ತೂದಿಲ್ಲ."